ಸೋಮಾರಿಯ ರಕ್ತ

ಏಳನೇ ವಾರ್ಡು, ಕಿಟಕಿ ಪಕ್ಕದ ಮಂಚ
ಮಾರ್ಚ್ ೧೨, ಮಂಗಳವಾರ

ಅಮ್ಮಾ,

ಅಕ್ಷರ ಸೊಟ್ಟಗಿದ್ದರೆ ಗಾಬರಿಯಾಗಬೇಡ. ಬಲಗೈಗೆ ರಕ್ತ ಏರಿಸುತ್ತಿದ್ದಾರೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಫೋನಿನಲ್ಲಿ ನಿನಗೆ ಹೇಳಿದ್ದು ಸುಳ್ಳು. ನಾನು ಮೆಟ್ಟಿಲು ಜಾರಿ ಬೀಳಲಿಲ್ಲ. ಕಳೆದ ಬುಧವಾರ ಸಂಜೆ ಲಾಂಡ್ರಿ ಕೆಲಸ ಮುಗಿಸಿ ಬಂದವಳು, ಒಂದು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಂದು ಬಾಗಿಲಲ್ಲೇ ಕುಳಿತುಬಿಟ್ಟೆ. "ಮತ್ತೆ ನಾಟಕ ಶುರು ಮಾಡಿದ್ಯಾ?" ಎಂದು ನಿನ್ನ ಅಳಿಯ ಜಡೆ ಹಿಡಿದು ಅಡುಗೆಮನೆವರೆಗೂ ಎಳೆದೊಯ್ದ. ತಲೆಯನ್ನು ಗೋಡೆಗೆ ಮೂರು ಸಲ ಬಡಿದ. ಬೆಲ್ಟಿನ ಬಕಲ್ ಬೆನ್ನಿಗೆ ಎಷ್ಟು ಸಲ ಬಿತ್ತೋ ಎಣಿಸಲಾಗಲಿಲ್ಲ, ಅಷ್ಟರಲ್ಲಿ ಕಣ್ಣು ಕತ್ತಲಿಟ್ಟಿತ್ತು. ಎದುರುಮನೆಯ ಎಲೆಕ್ಟ್ರಿಷಿಯನ್ ಬಾಗಿಲು ಒದ್ದು ಒಳಗೆ ಬಂದು, ನನ್ನನ್ನು ಎತ್ತಿಕೊಂಡು ಆಸ್ಪತ್ರೆಗೆ ತಂದ.

ಡಾಕ್ಟರಮ್ಮ ಗಾಯಕ್ಕೆ ಪಟ್ಟಿ ಕಟ್ಟಿ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದದ್ದು ಕಾಗದದ ಹಾಗೆ ಬಿಳಿಚಿತ್ತಂತೆ. ಉಗುರುಗಳು ಚಮಚದಂತೆ ಗುಳಿಬಿದ್ದಿದ್ದವು. ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕು, ನನಗೆ ಐದು. ಮೈಯಲ್ಲಿ ಕಬ್ಬಿಣದ ಅಂಶ ತಳ ಕಂಡಿದೆ ಎಂದರು. ಊಟ ಸರಿಯಾಗಿ ಮಾಡುತ್ತೀಯಾ, ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತದಾ ಎಂದು ಕೇಳಿದರು. ಎರಡರಲ್ಲೂ ತೊಂದರೆ ಇರಲಿಲ್ಲ. ಆಮೇಲೆ ಮಲ ಪರೀಕ್ಷೆಯಲ್ಲಿ ರಕ್ತ ಸಿಕ್ಕಿತು. ಗಂಟಲಿನಿಂದ ಕೊಳವೆ ಇಳಿಸಿ ನೋಡಿದರೆ ಹೊಟ್ಟೆಯೊಳಗೆ ಹುಣ್ಣು. ವರ್ಷಗಟ್ಟಲೆ ಅಲ್ಲಿಂದ ರಕ್ತ ಜಿನುಗುತ್ತಿತ್ತು.

"ನೋವಿನ ಮಾತ್ರೆ ಎಷ್ಟು ನುಂಗ್ತೀಯಮ್ಮ?" ಎಂದರು.

"ಹೊಡೆದ ದಿನ ನಾಲ್ಕು."

"ಹೊಡೀದೇ ಇರೋ ದಿನ?"

"ಅಂಥ ದಿನ ನೆನಪಿಲ್ಲ."

ಅವರು ಪೆನ್ನು ಕೆಳಗಿಟ್ಟರು. ಆ ಮಾತ್ರೆಗಳೇ ಹೊಟ್ಟೆಯನ್ನು ಕೊರೆದಿವೆ, ರಕ್ತವಿಲ್ಲದ್ದಕ್ಕೇ ಸುಸ್ತು ಎಂದು ಬಿಡಿಸಿ ಹೇಳಿದರು. ಆ ಸುಸ್ತಿಗೇ ನಾನು ಏಟು ತಿನ್ನುತ್ತಿದ್ದೆ. ಮೂರು ವರ್ಷ ನಾನು ಸೋಮಾರಿ ಎಂದು ನಾನೇ ನಂಬಿದ್ದೆನಲ್ಲಮ್ಮ.

ನಿನ್ನೆ ನಿನ್ನ ಅಳಿಯ ವಾರ್ಡಿಗೇ ನುಗ್ಗಿ ಮಂಚದಿಂದ ನನ್ನನ್ನು ಎಳೆದ. ಸೂಜಿ ಕಿತ್ತುಬಂದು ಹಾಸಿಗೆಯೆಲ್ಲ ರಕ್ತವಾಯಿತು. ಕೈಗೆ ಸಿಕ್ಕಿದ ಸಲೈನ್ ಸ್ಟ್ಯಾಂಡನ್ನು ಅವನ ಮುಖಕ್ಕೆ ಬೀಸಿದೆ. ಎರಡು ಹಲ್ಲು ನೆಲಕ್ಕೆ ಉದುರಿದವು. ಎಲ್ಲಿಂದ ಅಷ್ಟು ಬಲ ಬಂತೋ ಗೊತ್ತಿಲ್ಲ. ಈಗ ಅವನು ಲಾಕಪ್ಪಿನಲ್ಲಿದ್ದಾನೆ. ಪೊಲೀಸರಿಗೆ ಎಲ್ಲ ಹೇಳಿದ್ದೇನೆ. ಹೊಂದಿಕೊಂಡು ಹೋಗು ಎನ್ನಬೇಡ. ಆ ಮನೆಗೆ ಇನ್ನು ಕಾಲಿಡುವುದಿಲ್ಲ.

ನಿನ್ನ ಹಿರಿಮಗಳು

ತಾ.ಕ.: ನೀನೂ ಮಧ್ಯಾಹ್ನವೆಲ್ಲ ಚಾಪೆಯ ಮೇಲೆ ಬಿದ್ದುಕೊಂಡಿರುತ್ತಿದ್ದೆ. ಅಪ್ಪ ಒದ್ದು ಎಬ್ಬಿಸುವಾಗ ನಾನು ನಕ್ಕಿದ್ದೇನೆ. ಮುಂದಿನ ಗುರುವಾರ ಹತ್ತು ಗಂಟೆಗೆ ಇದೇ ಆಸ್ಪತ್ರೆಯಲ್ಲಿ ನಿನ್ನ ರಕ್ತ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಅಪ್ಪನಿಗೆ ಹೇಳದೆ ಬಾ. ಬಟ್ಟೆಬರೆ ಗಂಟು ಕಟ್ಟಿಕೊಂಡೇ ಬಾ.