ಅವ್ವನ ದನಿ ಇಲ್ಲದ ತೆಪ್ಪ

ತಿಮ್ಮೇಶ,

ನಾವಿಬ್ಬರೂ ಸೇರಿ ಮಾಡಿದ ತೆಪ್ಪದ ಗೇಮನ್ನು ನೀನೊಬ್ಬನೇ ಕಂಪನಿಗೆ ಮಾರಿಬಿಟ್ಟೆ. ಕೋಡ್ ಬರೆದ ನನ್ನ ಹೆಸರನ್ನೂ ಅಳಿಸಿದೆ. ನಿನ್ನ ಬಂಡವಾಳವನ್ನು ನಿನ್ನವ್ವನ ಮುಂದೆಯೇ ಬಯಲು ಮಾಡಬೇಕೆಂದು ಇವತ್ತು ಅಕ್ಕಿಹೆಬ್ಬಾಳಿಗೆ ಹೋದೆ.

ಅವ್ವ ಜಗಲಿಯಲ್ಲಿ ಕೂತು ಫೋನಿನಲ್ಲಿ ಕಂಪನಿ ಹೊಸದಾಗಿ ಬಿಟ್ಟ ಅದೇ ಗೇಮು ಆಡುತ್ತಿದ್ದರು. ಬೇಕೆಂದೇ ಮತ್ತೆ ಮತ್ತೆ ತೆಪ್ಪ ಮಗುಚುತ್ತಿದ್ದರು. ಮೊದಲಾದರೆ ಮಗುಚಿದ ಕೂಡಲೇ "ಏಳ್ಲಾ ಮಗ, ಏನೂ ಆಗಿಲ್ಲ" ಎಂದು ಅವರದೇ ದನಿ ಕೇಳುತ್ತಿತ್ತು. ಅದೇ ಜಗಲಿಯಲ್ಲಿ ಅವರನ್ನು ಕೂರಿಸಿ ನಾವು ರೆಕಾರ್ಡ್ ಮಾಡಿದ ದನಿ. ಅದನ್ನೂ ತೆಗೆಸಿದ್ದೀಯ.

"ನನ್ ದನಿ ಎಲ್ಲೋಯ್ತ್ಲಾ ಕನಕ?"

ಎಲ್ಲ ಹೇಳಲೆಂದೇ ಹೋಗಿದ್ದೆ. ಆದರೂ "ಫೋನು ಕೆಟ್ಟದೆ ಕಣವ್ವ" ಎಂದೆ.

"ಅಂಗಾ? ನನ್ ದನಿ ಬರ್ತಿಲ್ಲ ಅಂತ ನಮ್ ತಿಮ್ಮಂಗೆ ಏಳ್ಬ್ಯಾಡ ಕಣ್ಲಾ, ಬೇಜಾರ್ ಮಾಡ್ಕತ್ತಾನೆ."