ಹಿತೇಶನ ಭಾನುವಾರ

ಕಂಕನಾಡಿ,
ಸೋಮವಾರ

ಮಾಯಿಲಪ್ಪಣ್ಣನವರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಅಡುಗೆ ಮಾಡಿಸಿಕೊಡುವವಳು ನಾನು. ಜೈಲಿನಿಂದ ಬಿಡುಗಡೆಯಾದ ಮೇಲೆ ನಿಮ್ಮ ಮಗ ಹಿತೇಶ ನಮ್ಮಲ್ಲೇ ಕೆಲಸಕ್ಕಿದ್ದಾನೆ. ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದಾನೆ.

ಮೊದಲ ದಿನ ಸೌತೆಕಾಯಿ ಹೆಚ್ಚಲು ಹೇಳಿದೆ. ಅವನು ಕೈ ಹಿಂದಕ್ಕೆ ಕಟ್ಟಿ ನಿಂತ. "ಅಕ್ಕ, ಒಬ್ಬನಿಗೆ ಚೂರಿ ಹಾಕಿ ಜೈಲಿಗೆ ಹೋದವ ನಾನು. ನನ್ನ ಕೈಗೆ ಚೂರಿ ಕೊಡ್ತೀರಾ?" ಎಂದು ಕೇಳಿದ. "ಸಾಂಬಾರಿಗೆ ಇಡೀ ಸೌತೆ ಹಾಕ್ಲಿಕ್ಕೆ ಆಗ್ತದಾ ಮಾರಾಯ? ಬೇಗ ಹೆಚ್ಚು" ಎಂದು ಚೂರಿ ಕೊಟ್ಟೆ. ಅಂದಿನಿಂದ ತರಕಾರಿಯ ಕೆಲಸವೆಲ್ಲ ಅವನದ್ದೇ.

ನಿನ್ನೆ ನಿಮ್ಮನ್ನು ನೋಡಲೆಂದು ಹೊರಟವನು ನಿಮ್ಮ ಮನೆ ಹತ್ತಿರದ ಕಾವೂರು ಸ್ಟಾಪಿನಲ್ಲಿ ಬಸ್ಸಿಳಿದು, ಅಲ್ಲಿಂದಲೇ ಹಿಂದಿರುಗಿ ಬಂದ. "ಎಂತ ಆಯಿತು?" ಎಂದೆ. "ಅಪ್ಪ ಬಾ ಅಂತ ಹೇಳಲಿಲ್ಲ ಅಲ್ವಾ ಅಕ್ಕ" ಎಂದ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.

ನಿಮ್ಮ ಸಿಟ್ಟು, ನಾಚಿಕೆ ತಪ್ಪೆಂದು ಹೇಳಲು ನಾನು ಯಾರೂ ಅಲ್ಲ. ಮನೆಗೆ ಕರೆಯುವುದು ಈಗಲೇ ಕಷ್ಟವಾದರೆ ಬೇಡ. ಬರುವ ಭಾನುವಾರ ಬೆಳಿಗ್ಗೆ ಅವನನ್ನು ಮತ್ತೆ ಬಸ್ಸು ಹತ್ತಿಸುತ್ತೇನೆ. ನೀವು ಸ್ಟಾಪಿನವರೆಗೆ ಬನ್ನಿ. ಅಲ್ಲೇ ಹೋಟೆಲಿನಲ್ಲಿ ಇಬ್ಬರೂ ಒಂದು ಚಾ ಕುಡಿಯಿರಿ. ನೀವು ಅವನನ್ನು ನೋಡದೆ ಮೂರು ವರ್ಷವಾಯಿತಂತೆ. ಈಗ ಗಡ್ಡ ಬಿಟ್ಟಿದ್ದಾನೆ, ಸ್ವಲ್ಪ ಸೊರಗಿದ್ದಾನೆ. ಗುರುತು ಸಿಗದಿದ್ದರೆ ಹೆಸರು ಹಿಡಿದು ಕರೆಯಿರಿ. ನಿಮ್ಮ ಸ್ವರ ಅವನಿಗೆ ತಿಳಿಯುತ್ತದೆ.

ನಿಮ್ಮ ತಂಗಿಯಂಥವಳು,
ರಂಜಿನಿ