ಕ್ರೀಮ್ ಡಬ್ಬಿಯ ಮುಚ್ಚಳ

ಅಪ್ಪಾ,

ನೀನು ಜೀವಮಾನವೆಲ್ಲ ಕೂಡಿಟ್ಟ ಕಾಫಿ ಕ್ರೀಮ್ ಡಬ್ಬಿಯ ಚಿತ್ರದ ಮುಚ್ಚಳಗಳನ್ನು, ಅಂಟಿಸಿದ ಪುಸ್ತಕಗಳ ಸಮೇತ, ಇವತ್ತು ಗುಜರಿಗೆ ಸುರಿದು ಬಂದೆ. ನೀನು ಹೋದ ಮೇಲೆ ಊರೆಲ್ಲ ಕೇಳಿದೆ, ಒಬ್ಬರಿಗೂ ಬೇಡ. ಅಮ್ಮನ ಫೋಟೊ ಇಡಲೂ ಜಾಗ ಬಿಟ್ಟಿರಲಿಲ್ಲವಲ್ಲ ನೀನು!

ಬರುವಾಗ ಥುನ್ ರೈಲ್ವೆ ಸ್ಟೇಷನ್ನಿನಲ್ಲಿ ಕಾಫಿಗೆ ಕೂತೆವು. ನಿನ್ನ ಅಳಿಯ ರೇಟೊ ಕಾಫಿಯ ಜೊತೆ ಬಂದ ಪುಟ್ಟ ಕ್ರೀಮ್ ಡಬ್ಬಿಯ ತೆಳು ಫಾಯಿಲ್ ಮುಚ್ಚಳಕ್ಕೆ ಚಮಚದಿಂದ ಚುಚ್ಚಿದ.

"ತೂತು ಮಾಡ್ಬೇಡ ಕಣೋ! ತುದಿ ಹಿಡ್ಕೊಂಡು ನಿಧಾನಕ್ಕೆ ಬಿಡಿಸು, ಎಷ್ಟು ಸಲ ಹೇಳೋದು!" ಎಂದು ಕಿರುಚಿದೆ. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

"ಮಾವ ಬಂದ್ಬಿಟ್ರಪ್ಪ," ಎಂದು ರೇಟೊ ನಕ್ಕ.

ಸಿಟ್ಟಿನಲ್ಲಿ ಅವನತ್ತ ನೋಡಲೇ ಇಲ್ಲ. ನನ್ನ ಡಬ್ಬಿಯ ಮುಚ್ಚಳವನ್ನು ಹರಿಯದಂತೆ ಬಿಡಿಸಿ, ನೆಕ್ಕಿ, ಒರೆಸಿ ಪರ್ಸಿನಲ್ಲಿಟ್ಟುಕೊಂಡೆ. ಅದರ ಮೇಲೆ ಗಂಟೆ ಕಟ್ಟಿದ ಹಸು ಇದೆ.

ಈಗ ಇದನ್ನು ಎಲ್ಲಿ ಅಂಟಿಸಲಿ, ಹೇಳು?